ಗಾಡಿ ನಿಂತ ಮೇಲೆ ಕಾಲು: ಬೈಕ್ ಹೊರಡಿಸುವಾಗ, ನಿಲ್ಲಿಸುವಾಗ ಬೀಳದಿರುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಮಂಗಳೂರಿನ ಒಂದು ಏರುರಸ್ತೆಯಲ್ಲಿ ನನ್ನ ಬೈಕ್ ಮಗುಚಿತು. ವೇಗ ಏನೂ ಇರಲಿಲ್ಲ. ಮುಂದಿನ ಬಸ್ ನಿಂತಿತು, ನಾನೂ ನಿಂತೆ. ಎಡಗಾಲು ಕೆಳಗೆ ಇಟ್ಟೆ. ಅಲ್ಲಿ ನೆಲವೇ ಸಿಗಲಿಲ್ಲ. ಡಾಂಬರಿನ ಅಂಚು ಮುಗಿದು ಅರ್ಧ ಅಡಿ ತಗ್ಗು. ಪಾದ ಮಣ್ಣು ಮುಟ್ಟುವ ಹೊತ್ತಿಗೆ ಗಾಡಿ ವಾಲಿ ಆಗಿತ್ತು. ಹಿಂದೆ ಕೂತಿದ್ದ ಅಮ್ಮನೂ ನನ್ನ ಜತೆಗೇ ಉರುಳಿದರು. ಅವರ ಮಣಿಕಟ್ಟಿಗೆ ಆರು ವಾರ ಪಟ್ಟಿ ಬಿತ್ತು.

ಅವತ್ತಿನಿಂದ ನಾನು ಸಿಗ್ನಲ್‌ಗಳಲ್ಲಿ ಜನರ ಕಾಲುಗಳನ್ನು ಗಮನಿಸುತ್ತೇನೆ. ಗಾಡಿ ಇನ್ನೂ ಹೋಗುತ್ತಿರುವಾಗಲೇ ಎರಡೂ ಕಾಲು ಇಳಿಬಿಟ್ಟು ನೆಲ ಸವರಿಕೊಂಡು ಬರುವವರು ಎಷ್ಟೋ ಮಂದಿ. ಬಲಗಾಲನ್ನು ಬಸ್ಸಿನ ಚಕ್ರದ ಪಕ್ಕಕ್ಕೇ ಚಾಚಿ ನಿಲ್ಲುವವರಿದ್ದಾರೆ. ಹಸಿರು ದೀಪ ಬಿದ್ದ ಮೇಲೂ ಇಪ್ಪತ್ತು ಅಡಿ ಕಾಲು ನೇತಾಡಿಸುತ್ತಾ ಹೋಗುವವರೂ ಇದ್ದಾರೆ. ಇವರಿಗೆಲ್ಲ ಬೈಕ್ ಓಡಿಸಲು ಚೆನ್ನಾಗಿಯೇ ಬರುತ್ತದೆ. ಕಾಲು ಯಾವಾಗ, ಎಲ್ಲಿ ಇಡಬೇಕು ಎಂದು ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ಲೈಸೆನ್ಸ್ ಟೆಸ್ಟ್‌ನಲ್ಲಿ ‘ಎಂಟು’ ಹಾಕಿಸುತ್ತಾರೆ. ಕಾಲು ನೆಲಕ್ಕೆ ತಾಗಿದರೆ ಫೇಲ್. ಹಾಗಾಗಿ ಕಾಲು ಮೇಲಿಟ್ಟುಕೊಳ್ಳುವುದನ್ನು ಎಲ್ಲರೂ ಕಲಿಯುತ್ತೇವೆ, ಇಳಿಸುವುದನ್ನು ಕಲಿಯುವುದಿಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಗಾಡಿ ನಿಲ್ಲಿಸುವುದು ಬ್ರೇಕಿನ ಕೆಲಸ. ನಿಂತ ಗಾಡಿಯನ್ನು ನೆಟ್ಟಗೆ ಇಟ್ಟುಕೊಳ್ಳುವುದಷ್ಟೇ ಕಾಲಿನ ಕೆಲಸ. ಇವೆರಡು ಅದಲು ಬದಲಾದಾಗಲೇ ನಾವು ಬೀಳುವುದು.

ನಿಂತಾಗಲೇ ಯಾಕೆ ಬೀಳುತ್ತೇವೆ?

ಓಡುವ ಬೈಕ್ ತನ್ನಷ್ಟಕ್ಕೆ ನೆಟ್ಟಗಿರುತ್ತದೆ. ವೇಗ ನಡಿಗೆಯಷ್ಟಕ್ಕೆ ಇಳಿದಾಗ ಆ ಸಹಾಯ ಹೋಗುತ್ತದೆ. ಆಮೇಲಿನ ಒಂದೆರಡು ಸೆಕೆಂಡ್ ಎಲ್ಲವೂ ನಿಮ್ಮ ಮೇಲೆಯೇ. ಹೀರೋ ಸ್ಪ್ಲೆಂಡರ್ ಪ್ಲಸ್ ಸುಮಾರು 112 ಕೆ.ಜಿ. ತೂಗುತ್ತದೆ, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಸುಮಾರು 195 ಕೆ.ಜಿ. ಗಾಡಿ ನೆಟ್ಟಗೆ ನಿಂತಿದ್ದರೆ ಈ ಭಾರವನ್ನೆಲ್ಲ ಎರಡು ಚಕ್ರಗಳೇ ಹೊರುತ್ತವೆ. ಒಂದೇ ಕಾಲಲ್ಲಿ ಹಗುರವಾಗಿ ಹಿಡಿದಿಡಬಹುದು. ಸ್ವಲ್ಪ ವಾಲಿದರೂ ಭಾರ ಕಾಲಿಗೆ ಬರತೊಡಗುತ್ತದೆ. ಇನ್ನಷ್ಟು ವಾಲಿದರೆ ಪೈಲ್ವಾನನೂ ಹಿಡಿಯಲಾರ. ಬೇಕಿರುವುದು ಕಾಲಿನ ಬಲವಲ್ಲ, ಗಾಡಿ ನೆಟ್ಟಗಿರುವಾಗಲೇ ನಿಲ್ಲಿಸುವ ಅಭ್ಯಾಸ.

ಎತ್ತರದ ಬಗ್ಗೆ ಹಲವರಿಗೆ ಅಳುಕು ಇರುತ್ತದೆ. ಸ್ಪ್ಲೆಂಡರ್ ಪ್ಲಸ್‌ನ ಸೀಟು 785 ಮಿ.ಮೀ. ಎತ್ತರ, ಕ್ಲಾಸಿಕ್ 350ರದ್ದು 805, ಹಿಮಾಲಯನ್ 450ರದ್ದು 825. ಸಂಖ್ಯೆಯಲ್ಲಿ ಅಂತರ ಚಿಕ್ಕದು. ಆದರೆ ಸೀಟು ಅಗಲವಾದಷ್ಟೂ ತೊಡೆ ಹೊರಕ್ಕೆ ಹೋಗಿ ಕಾಲು ಗಿಡ್ಡವಾಗುತ್ತದೆ. ಕೊಳ್ಳುವ ಮೊದಲು ಶೋರೂಮಿನಲ್ಲಿ ಶೂ ಹಾಕಿಕೊಂಡು ಕೂತು ನೋಡಿ. ಎರಡೂ ಪಾದ ಪೂರ್ತಿ ಊರಲೇಬೇಕು ಎಂದೇನಿಲ್ಲ. ಸೊಂಟವನ್ನು ಎಡಕ್ಕೆ ಒಂದಿಷ್ಟು ಜರುಗಿಸಿದರೆ ಎಡಪಾದ ಹಿಮ್ಮಡಿಸಹಿತ ನೆಲಕ್ಕೆ ತಾಗಬೇಕು. ಅಷ್ಟಾದರೆ ಸಾಕು. ಎರಡು ಕಾಲಿನ ತುದಿಬೆರಳಲ್ಲಿ ನಿಲ್ಲುವುದಕ್ಕಿಂತ ಒಂದು ಪಾದ ಪೂರ್ತಿ ಊರುವುದೇ ಗಟ್ಟಿ.

ಹತ್ತುವ ಮೊದಲು ಕಾಲಿನ ಕಡೆ ನೋಡಿ

ಕಾಲು ಸರಿಯಾದ ಸಮಯಕ್ಕೆ ಹೊರಟರೂ ನೆಲ ತಲುಪದಿರುವುದಕ್ಕೆ ದೊಡ್ಡ ಕಾರಣ ಬಟ್ಟೆ. ಎಡ ಶೂವಿನ ಲೇಸ್ ಗೇರ್ ಲಿವರ್‌ಗೆ ಸಿಕ್ಕಿಕೊಳ್ಳುತ್ತದೆ, ಬಲ ಶೂವಿನದ್ದು ಬ್ರೇಕ್ ಪೆಡಲ್‌ಗೆ. ಓಡಿಸುವಾಗ ಗೊತ್ತೇ ಆಗುವುದಿಲ್ಲ. ನಿಲ್ಲಿಸಿ ಕಾಲು ತೆಗೆಯಲು ಹೋದಾಗ ಹಗ್ಗ ಕಟ್ಟಿದ ಹಾಗೆ ಅಲ್ಲೇ ನಿಲ್ಲುತ್ತದೆ. ಲೇಸಿಗೆ ಎರಡು ಗಂಟು ಹಾಕಿ, ಉಳಿದ ತುದಿಯನ್ನು ಶೂ ಒಳಗೆ ತುರುಕಿ. ಮಳೆಗಾಲದ ರೇನ್‌ಕೋಟ್ ಪ್ಯಾಂಟ್ ಇನ್ನೂ ಅಪಾಯ. ಅದರ ಅಗಲ ತುದಿ ಫುಟ್‌ರೆಸ್ಟ್‌ಗೆ ಟೋಪಿಯ ಹಾಗೆ ಕೂತುಬಿಡುತ್ತದೆ. ಒಂದು ರಬ್ಬರ್ ಬ್ಯಾಂಡ್ ಅಥವಾ ಕಾಲಿನ ಹತ್ತಿರ ಒಂದು ಬಟನ್ ಸಾಕು. ಪಂಚೆ ಉಟ್ಟು ಬೈಕ್ ಓಡಿಸುವವರು ಮೇಲೆ ಎತ್ತಿ ಭದ್ರವಾಗಿ ಕಟ್ಟಿಕೊಳ್ಳಿ. ಅಂಚು ಗಾಳಿಗೆ ಹಾರಾಡಬಾರದು.

ಹವಾಯಿ ಚಪ್ಪಲಿ ಬೇಡವೇ ಬೇಡ. ಕೆಸರಿನಲ್ಲಿ ಚಪ್ಪಲಿ ಅಂಟಿಕೊಂಡು ಕಾಲು ಮಾತ್ರ ಎದ್ದು ಬರುತ್ತದೆ. ಒದ್ದೆಯಾದರೆ ಪಾದ ಚಪ್ಪಲಿಯ ಮೇಲೇ ಜಾರುತ್ತದೆ. ಅಂಗಡಿಗೆ ಹೋಗಿ ಹಾಲು ತರುವಾಗಲೂ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿ.

ಹತ್ತುವುದು ಎಡಗಡೆಯಿಂದ. ಮೊದಲು ಬಲಗೈಯಲ್ಲಿ ಮುಂದಿನ ಬ್ರೇಕ್ ಹಿಡಿಯಿರಿ, ಹ್ಯಾಂಡಲ್ ನೇರ ಮಾಡಿ, ಆಮೇಲೆ ಬಲಗಾಲು ದಾಟಿಸಿ. ಗಾಡಿಯನ್ನು ನೆಟ್ಟಗೆ ಮಾಡಿಕೊಂಡ ಮೇಲೆ ಸೈಡ್ ಸ್ಟ್ಯಾಂಡ್ ಎತ್ತಿ. ಸ್ಟ್ಯಾಂಡ್ ಇಳಿದಿದ್ದರೆ ಗೇರ್ ಹಾಕಿದಾಗ ಎಂಜಿನ್ ಆಫ್ ಆಗುವ ಏರ್ಪಾಡು ಈಗಿನ ಹಲವು ಬೈಕ್‌ಗಳಲ್ಲಿದೆ. ಅದನ್ನು ನಂಬಿಕೊಂಡು ಕೂರಬೇಡಿ. ಕಾಲಿನಿಂದ ಒಮ್ಮೆ ತಡವಿ ನೋಡುವುದು ಒಂದು ಕ್ಷಣದ ಕೆಲಸ.

ಹಿಂದೆ ಕೂರುವವರದ್ದು ಬೇರೆಯೇ ಲೆಕ್ಕ. ಅವರು ಎಡ ಫುಟ್‌ರೆಸ್ಟ್ ಮೇಲೆ ಕಾಲಿಟ್ಟು ಏಳುವಾಗ ಅವರ ಪೂರ್ತಿ ಭಾರ ಗಾಡಿಯನ್ನು ಎಡಕ್ಕೆ ಎಳೆಯುತ್ತದೆ. ನೀವು ಎರಡೂ ಪಾದ ಊರಿ, ಮುಂದಿನ ಬ್ರೇಕ್ ಹಿಡಿದು, ‘ಈಗ ಕೂರಿ’ ಎಂದ ಮೇಲೆಯೇ ಅವರು ಹತ್ತಬೇಕು. ಇಳಿಯುವಾಗಲೂ ಹೇಳಿಯೇ ಇಳಿಯಬೇಕು. ಸಿಗ್ನಲ್‌ನಲ್ಲಿ ಸುಮ್ನೆ ಜಿಗಿದು ಇಳಿದರೆ ಓಡಿಸುವವರ ಕಾಲು ಸಿದ್ಧವಾಗಿರುವುದಿಲ್ಲ, ಅಲ್ವಾ? ಸೀರೆ ಉಟ್ಟವರು ಒಂದೇ ಪಕ್ಕಕ್ಕೆ ಕೂರುವುದು ನಮ್ಮಲ್ಲಿ ಮಾಮೂಲು. ಆಗ ಅವರ ಎರಡೂ ಕಾಲಿನ ಭಾರ ಎಡಗಡೆಯೇ ಇರುತ್ತದೆ. ಅಂಥ ಹೊತ್ತಲ್ಲಿ ನಿಲ್ಲುವಾಗ ಗಾಡಿ ಎಡಕ್ಕೆ ಜಗ್ಗುತ್ತದೆ ಎಂದು ಗೊತ್ತಿದ್ದುಕೊಂಡೇ ಕಾಲು ಊರಿ. ಅಂದಹಾಗೆ, ಹಿಡಿದುಕೊಳ್ಳಲು ಹ್ಯಾಂಡಲ್, ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ಗಾರ್ಡ್ ಇರಲೇಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಅಂದಕ್ಕಾಗಿ ಸೀರೆ ಗಾರ್ಡ್ ಬಿಚ್ಚಿಸಿದ್ದರೆ ವಾಪಸ್ ಹಾಕಿಸಿ.

ಹೊರಡುವುದು

ಕಿಕ್ಕರ್ ಇರುವ ಗಾಡಿಯಾದರೆ ಮೊದಲು ನ್ಯೂಟ್ರಲ್ ದೀಪ ನೋಡಿ. ಗೇರಿನಲ್ಲಿದ್ದಾಗ ಕಿಕ್ ಹೊಡೆದರೆ ಗಾಡಿ ಮುಂದಕ್ಕೆ ಹಾರಬಹುದು. ಆಗ ನಿಮ್ಮ ಬಲಗಾಲು ಗಾಳಿಯಲ್ಲಿರುತ್ತದೆ, ಇಡೀ ಗಾಡಿ ಎಡಗಾಲ ಮೇಲೆ. ಸ್ಟಾರ್ಟ್ ಆದ ಮೇಲೆ ಕಿಕ್ಕರ್ ಮಡಚಿ. ಇಲ್ಲದಿದ್ದರೆ ಮುಂದೆ ಕಾಲು ಇಳಿಸುವಾಗ ಪ್ಯಾಂಟು ಅದಕ್ಕೇ ಸಿಗುತ್ತದೆ.

ಇಲ್ಲಿ ಹಳೆ ಗಾಡಿಯವರಿಗೆ ಒಂದು ಮಾತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಇವತ್ತಿಗೂ ನಮ್ಮ ರಸ್ತೆಗಳಲ್ಲಿ ಓಡುತ್ತಿವೆ. ಅವುಗಳಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ ಸಲಾಕೆ, ಅದೂ ಎಡಗಡೆ. ಹಳೆಯ ಬುಲೆಟ್‌ಗಳಲ್ಲಿ ಗೇರ್ ಬಲಕ್ಕೆ, ಹಿಂದಿನ ಬ್ರೇಕ್ ಎಡಕ್ಕೆ. ತಾತನ ಗಾಡಿ ಕೈಗೆ ಸಿಕ್ಕಿತೆಂದು ನೇರ ಪೇಟೆಗೆ ಒಯ್ಯಬೇಡಿ. ಕಷ್ಟದ ಗಳಿಗೆಯಲ್ಲಿ ಕಾಲು ತನ್ನ ಹಳೆ ಅಭ್ಯಾಸದ ಕಡೆಗೇ ಓಡುತ್ತದೆ. ಬ್ರೇಕ್ ಎಂದುಕೊಂಡು ಗೇರ್ ಒತ್ತುತ್ತೀರಿ. ಖಾಲಿ ಮೈದಾನದಲ್ಲಿ ಕೆಲವು ದಿನ ಓಡಿಸಿ ಕಾಲಿಗೆ ರೂಢಿಯಾದ ಮೇಲೆಯೇ ರಸ್ತೆಗೆ ಇಳಿಯಿರಿ. ಸ್ಕೂಟರಿನಿಂದ ಬೈಕಿಗೆ ಬರುವವರಿಗೂ ಇದೇ ಮಾತು. ಗೇರ್ ಇಲ್ಲದ ಸ್ಕೂಟರಿನ ಎಡ ಲಿವರ್ ಬ್ರೇಕ್, ಬೈಕಿನದ್ದು ಕ್ಲಚ್. ಗಾಬರಿಯಲ್ಲಿ ಎಡ ಲಿವರ್ ಹಿಡಿದರೆ ಬೈಕ್ ನಿಲ್ಲುವ ಬದಲು ಸಲೀಸಾಗಿ ಮುಂದೆ ಉರುಳುತ್ತದೆ. ಆಗ ಕಾಲಿನಿಂದ ನಿಲ್ಲಿಸಲು ಹೋಗುತ್ತಾರೆ.

ಈಗ ಹೊರಡುವ ಕ್ರಮ. ಮುಂದಿನ ಬ್ರೇಕ್ ಹಿಡಿದು ಬಲಗಾಲು ಊರಿ, ಕ್ಲಚ್ ಒತ್ತಿ, ಎಡಗಾಲಲ್ಲಿ ಮೊದಲ ಗೇರ್ ಹಾಕಿ. ಕೂಡಲೇ ಕಾಲು ಬದಲಾಯಿಸಿ: ಎಡಗಾಲು ನೆಲಕ್ಕೆ, ಬಲಗಾಲು ಬ್ರೇಕ್ ಪೆಡಲ್ ಮೇಲೆ. ಇನ್ನು ಮುಂದಿನ ಬ್ರೇಕ್ ಬಿಡಬಹುದು. ಕನ್ನಡಿ ನೋಡಿ. ಕ್ಲಚ್ಚನ್ನು ನಿಧಾನ ಬಿಡುತ್ತಾ ಬನ್ನಿ. ಒಂದು ಹಂತದಲ್ಲಿ ಎಂಜಿನ್ನಿನ ಸದ್ದು ಇಳಿದು ಗಾಡಿ ಮುಂದಕ್ಕೆ ಜಗ್ಗಿದ ಹಾಗೆ ಅನಿಸುತ್ತದೆ. ಅದೇ ಕ್ಲಚ್ ಹಿಡಿಯುವ ಜಾಗ. ಕೈಯನ್ನು ಅಲ್ಲೇ ತಡೆದು, ಸ್ವಲ್ಪ ರೇಸ್ ಕೊಟ್ಟು, ಬಲಗಾಲಿನ ಬ್ರೇಕ್ ಬಿಡಿ. ಗಾಡಿ ಉರುಳಿತೆಂದರೆ ಎಡಗಾಲು ನೇರ ಫುಟ್‌ರೆಸ್ಟ್‌ಗೆ ಬರಬೇಕು.

ಯಾಕಿಷ್ಟು ಅವಸರ ಅನ್ನಬಹುದು. ನೇತಾಡುವ ಕಾಲು ಸಮತೋಲ ಕೊಡುತ್ತದೆ ಎಂದು ಹಲವರು ನಂಬಿದ್ದಾರೆ. ಕೊಡುವುದಿಲ್ಲ. ರಸ್ತೆಯ ಹಂಪ್‌ಗೋ ಕಲ್ಲಿಗೋ ತಾಗಿದರೆ ಕಾಲು ಹಿಂದಕ್ಕೆ ಎಳೆಯಲ್ಪಡುತ್ತದೆ, ಗಾಡಿಯ ಭಾರ ಮುಂದಕ್ಕೆ ಹೋಗುತ್ತದೆ, ನಡುವೆ ಮೊಣಕಾಲು ತಿರುಚುತ್ತದೆ. ಅಥವಾ ಫುಟ್‌ರೆಸ್ಟ್ ಬಂದು ಮೀನಖಂಡಕ್ಕೆ ಹೊಡೆಯುತ್ತದೆ. ಕಾಲು ಎರಡೂ ಮೇಲೆ ಬಂದು ಮೊಣಕಾಲು ಟ್ಯಾಂಕಿಗೆ ಒತ್ತಿಕೊಂಡಾಗಲೇ ಗಾಡಿ ನಿಮ್ಮ ಮಾತು ಕೇಳುವುದು.

ಹೊರಡುವಾಗ ಹ್ಯಾಂಡಲ್ ನೇರ ಇರಲಿ. ಗೇಟಿನಿಂದ ಹೊರಗೆ ಬರುವಾಗ ಹ್ಯಾಂಡಲ್ ಪೂರ್ತಿ ತಿರುಗಿಸಿಕೊಂಡೇ ಕ್ಲಚ್ ಬಿಡುವವರು ಜಾಸ್ತಿ. ಗಾಡಿ ಅಲ್ಲಿ ಆಫ್ ಆಯಿತೋ, ತಿರುವಿನ ಒಳಗಡೆಗೆ ಧೊಪ್ಪನೆ ಬೀಳುತ್ತದೆ. ಜಾಗ ಇದ್ದರೆ ಮೂರ್ನಾಲ್ಕು ಅಡಿ ನೇರ ಬನ್ನಿ, ಆಮೇಲೆ ತಿರುಗಿಸಿ.

ನಿಲ್ಲಿಸುವುದು: ಮೊದಲು ಕಾಲಿಗೆ ಜಾಗ ಹುಡುಕಿ

ನಾವು ಚಕ್ರಕ್ಕೆ ಜಾಗ ನೋಡಿ ನಿಲ್ಲಿಸುತ್ತೇವೆ. ಕಾಲಿಗೂ ಜಾಗ ನೋಡಬೇಕು. ಅದೂ ಹತ್ತಿಪ್ಪತ್ತು ಮೀಟರ್ ದೂರದಿಂದಲೇ.

ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ನಡುವೆ ಎತ್ತರ, ಅಂಚಿಗೆ ತಗ್ಗು ಇರುವ ಹಾಗೆ ಕಟ್ಟಿರುತ್ತಾರೆ. ನಾವು ಎಡಕ್ಕೆ ಓಡಿಸುವವರು. ಹಾಗಾಗಿ ನಮ್ಮ ಎಡಗಾಲಿಗೆ ನೆಲ ಹೆಚ್ಚಾಗಿ ಸ್ವಲ್ಪ ಕೆಳಗೇ ಸಿಗುತ್ತದೆ. ಅಂಚಿಗೆ ಹೋದಷ್ಟೂ ಇನ್ನೂ ಕೆಳಗೆ. ನಾನು ಅವತ್ತು ಅಮ್ಮನನ್ನು ಬೀಳಿಸಿದ್ದು ಹೀಗೆಯೇ. ಮರಳು, ಲಾರಿಯಿಂದ ಉದುರಿದ ಎಂ-ಸ್ಯಾಂಡ್, ಜಲ್ಲಿ ಎಲ್ಲ ಬಂದು ಸೇರುವುದೂ ಆ ಅಂಚಿಗೇ. ಒಂದು ಕಾಲನ್ನು ಉರುಳು ಜಲ್ಲಿಯ ಮೇಲೆ ಇಟ್ಟರೆ ಅದು ಗಾಲಿಯ ಮೇಲೆ ಇಟ್ಟ ಹಾಗೆ.

ಸಿಗ್ನಲ್‌ನಲ್ಲಿ ಲೇನಿನ ನಟ್ಟನಡುವೆ ಕಪ್ಪು ಪಟ್ಟಿ ಕಾಣುತ್ತದಲ್ಲ, ಅದು ಬಸ್ಸು, ಲಾರಿಗಳು ನಿಂತು ನಿಂತು ತೊಟ್ಟಿಕ್ಕಿಸಿದ ಆಯಿಲ್. ಮೊದಲ ಮಳೆ ಬಿದ್ದ ದಿನ ಅದು ಸೋಪಿನ ಹಾಗೆ. ಅದರ ಎಡಬಲಕ್ಕೆ ಕಾರಿನ ಚಕ್ರಗಳು ಉಜ್ಜಿದ ಎರಡು ಜಾಡು ಇರುತ್ತದೆ. ನೆಲ ಹೆಚ್ಚು ಸ್ವಚ್ಛ ಇರುವುದು ಅಲ್ಲಿ. ನಿಮ್ಮ ಎಡಗಾಲು ಆ ಜಾಡಿನಲ್ಲಿ ಬೀಳುವಂತೆ ನಿಲ್ಲಿ. ಒದ್ದೆಯಾದ ಜೀಬ್ರಾ ಪಟ್ಟಿ, ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳ, ಎರಡೂ ಜಾರುತ್ತವೆ. ಬೆಂಗಳೂರಿನಲ್ಲಿ ಬೇಸಿಗೆ ಶುರುವಿನಲ್ಲಿ ರಸ್ತೆ ತುಂಬ ಹೂ ಉದುರಿರುತ್ತದೆ. ನೋಡಲು ಚಂದ, ಒಂದು ಮಳೆ ಬಿದ್ದರೆ ಬಾಳೆಹಣ್ಣಿನ ಸಿಪ್ಪೆ. ಮಲೆನಾಡಿನಲ್ಲಿ ಮರದ ನೆರಳಿನ ರಸ್ತೆಯಂಚು ಮಳೆಗಾಲವಿಡೀ ಪಾಚಿ ಕಟ್ಟಿರುತ್ತದೆ.

ಬಯಲುಸೀಮೆಯವರಿಗೆ ಗೊತ್ತಿರುವ ಇನ್ನೊಂದಿದೆ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಒಕ್ಕಣೆಗೆಂದು ರಸ್ತೆಗೇ ಹರಡುತ್ತಾರೆ. ಅದರ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ, ಕಾಲಿಟ್ಟರೆ ಕಾಲು ಜಾರುತ್ತದೆ. ಹರಡಿದ್ದು ಕಂಡ ಕೂಡಲೇ ನಿಧಾನ ಮಾಡಿ, ಅದರ ಮೇಲೆ ನಿಲ್ಲದೆ ನೇರವಾಗಿ ದಾಟಿ. ನಿಲ್ಲಲೇಬೇಕಾದರೆ ಅದು ಬರುವುದಕ್ಕೆ ಮೊದಲೇ ನಿಲ್ಲಿ. ಬಿಸಿ ಸೈಲೆನ್ಸರ್ ಒಣಹುಲ್ಲಿನ ಹತ್ತಿರ ಇರುವುದೂ ಒಳ್ಳೆಯದಲ್ಲ.

ಕೊನೆಯ ಮೂರು ಸೆಕೆಂಡ್

ಜಾಗ ಆಯ್ಕೆ ಆಯಿತು. ಇನ್ನು ನಿಲ್ಲುವ ಕ್ರಮ.

ಎರಡೂ ಬ್ರೇಕ್ ಒಟ್ಟಿಗೆ ಹಿಡಿದು ವೇಗ ಇಳಿಸಿ, ಜತೆಗೆ ಗೇರ್ ಇಳಿಸುತ್ತಾ ಮೊದಲ ಗೇರಿಗೆ ಬನ್ನಿ. ಕ್ಲಚ್ ಒತ್ತಿ. ಹ್ಯಾಂಡಲ್ ನೇರ ಮಾಡಿ. ವೇಗ ನಡಿಗೆಯಷ್ಟಾದಾಗ ಮುಂದಿನ ಬ್ರೇಕನ್ನು ಸ್ವಲ್ಪ ಸಡಿಲಿಸಿ, ಕೊನೆಯ ಕೆಲಸ ಬಲಗಾಲಿನ ಬ್ರೇಕಿಗೆ ಬಿಡಿ. ಕಣ್ಣು ಎತ್ತಿ ದೂರ ನೋಡಿ. ಚಕ್ರ ನಿಲ್ಲುವ ಗಳಿಗೆಯಲ್ಲಿ ಎಡಗಾಲು ಫುಟ್‌ರೆಸ್ಟ್ ಬಿಟ್ಟು, ಅದಕ್ಕಿಂತ ಒಂದು ಗೇಣು ಹೊರಗೆ, ಪೂರ್ತಿ ಪಾದವಾಗಿ ನೆಲಕ್ಕೆ ಬರಲಿ. ಬಲಗಾಲು ಬ್ರೇಕ್ ಮೇಲೇ ಇರಲಿ.

ಹ್ಯಾಂಡಲ್ ನೇರ ಇರಬೇಕು ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು. ನಡಿಗೆಯ ವೇಗದಲ್ಲಿ, ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಜಗ್ಗಿದರೆ ಮುಂಭಾಗ ತಗ್ಗಿ, ಗಾಡಿ ತಿರುಗಿದ ಕಡೆಗೇ ಬೀಳುತ್ತದೆ. ನಿಮ್ಮ ಕಾಲು ತಲುಪುವ ಮೊದಲೇ ಬೀಳುತ್ತದೆ. ಯು ಟರ್ನ್‌ಗಳಲ್ಲಿ, ಪಾರ್ಕಿಂಗ್‌ಗಳಲ್ಲಿ ಆಗುವುದು ಇದೇ. ‘ನನ್ನ ಗಾಡಿಯಲ್ಲಿ ಎಬಿಎಸ್ ಇದೆ’ ಎನ್ನುವವರು ಸಿಗುತ್ತಾರೆ. ಹೌದು, 2019ರ ಏಪ್ರಿಲ್ 1ರಿಂದ 125 ಸಿಸಿ ಮೀರಿದ ಬೈಕ್‌ಗಳಿಗೆ ಎಬಿಎಸ್, ಅದಕ್ಕಿಂತ ಚಿಕ್ಕವಕ್ಕೆ ಸಿಬಿಎಸ್ ಕಡ್ಡಾಯವಾಯಿತು. ಎಬಿಎಸ್ ಚಕ್ರ ಲಾಕ್ ಆಗದ ಹಾಗೆ ನೋಡುತ್ತದೆಯೇ ಹೊರತು ನಿಲ್ಲುವಾಗ ವಾಲುವ ಗಾಡಿಯನ್ನು ಎತ್ತಿ ಹಿಡಿಯುವುದಿಲ್ಲ. ಸಿಬಿಎಸ್ ಇರುವ ಬೈಕಿನಲ್ಲಂತೂ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಆದ್ದರಿಂದ ತಿರುವಿನಲ್ಲಿ ಕಾಲಿನ ಬ್ರೇಕನ್ನೂ ಮೆಲ್ಲಗೇ ಒತ್ತಿ.

ಕಣ್ಣು ಯಾಕೆ ದೂರ ಇರಬೇಕು? ನಿಲ್ಲುವ ಕ್ಷಣದಲ್ಲಿ ಪಾದದ ಕಡೆ ಬಗ್ಗಿ ನೋಡಿದರೆ ತಲೆ ಎಡಕ್ಕೆ ವಾಲುತ್ತದೆ, ಭುಜ ವಾಲುತ್ತದೆ, ಗಾಡಿಯೂ ಅದರ ಹಿಂದೆಯೇ. ನೆಲವನ್ನು ಮೊದಲೇ ನೋಡಿ ಆಗಿದೆಯಲ್ಲ, ಈಗ ಅದನ್ನು ನಂಬಿ.

ಎಡಗಾಲೇ ಯಾಕೆ ಎಂದರೆ, ಬಲಗಾಲಿಗೆ ಬ್ರೇಕ್ ಹಿಡಿಯುವ ಕೆಲಸವಿದೆ. ಬಲಗಡೆ ಬಸ್ಸು, ಕಾರುಗಳು ಮೈಗೆ ಒರೆಸಿಕೊಂಡೇ ಬಂದು ನಿಲ್ಲುತ್ತವೆ, ಚಾಚಿದ ಪಾದ ಅವರಿಗೆ ಕಾಣುವುದಿಲ್ಲ. ಸೈಲೆನ್ಸರ್ ಕೂಡ ಹೆಚ್ಚಿನ ಬೈಕ್‌ಗಳಲ್ಲಿ ಬಲಕ್ಕೇ ಇದೆ. ನಮ್ಮ ಊರುಗಳಲ್ಲಿ ಎಷ್ಟು ಜನರ ಬಲ ಮೀನಖಂಡದಲ್ಲಿ ಸುಟ್ಟ ಕಲೆ ಇದೆ ನೋಡಿ.

ನಿಂತ ಕೂಡಲೇ ನ್ಯೂಟ್ರಲ್ ಹುಡುಕಬೇಡಿ. ಹಿಂದಿನ ಗಾಡಿ ನಿಂತಿತೇ ಎಂದು ಕನ್ನಡಿಯಲ್ಲಿ ನೋಡುವವರೆಗೆ ಮೊದಲ ಗೇರಿನಲ್ಲೇ ಇರಿ. ನುಗ್ಗಿ ಬರುವ ಗಾಡಿ ಕಂಡರೆ ಪಕ್ಕಕ್ಕೆ ಸರಿಯಲು ಆಗುತ್ತದೆ. ಸಿಗ್ನಲ್ ಉದ್ದ ಇದ್ದರೆ ಆಮೇಲೆ ಮುಂದಿನ ಬ್ರೇಕ್ ಹಿಡಿದು, ಬಲಗಾಲು ಊರಿ, ನ್ಯೂಟ್ರಲ್ ಮಾಡಿ, ಮತ್ತೆ ಎಡಗಾಲಿಗೆ ಬನ್ನಿ. ಗಾಡಿ ಉರುಳುತ್ತಿರುವಾಗಲೇ ಈ ಕಾಲು ಬದಲಾವಣೆಗೆ ಹೋದರೆ ಒಂದು ಕ್ಷಣ ಎರಡೂ ಕಾಲು ಗಾಳಿಯಲ್ಲಿರುತ್ತವೆ.

ಮಡಿಕೇರಿಯಂಥ ಊರಲ್ಲಿ

ಏರಿನಲ್ಲಿ ಈ ಕಾಲು ಬದಲಾಯಿಸುವ ಆಟವೇ ಬೇಡ. ಮಡಿಕೇರಿಯ ಯಾವ ರಸ್ತೆಯಲ್ಲಾದರೂ ನಿಂತು ನೋಡಿ, ಗೊತ್ತಾಗುತ್ತದೆ. ಏರುಮುಖವಾಗಿ ನಿಂತಾಗ ಗಾಡಿಯ ಭಾರ ಹಿಂದಿನ ಚಕ್ರದ ಮೇಲಿರುತ್ತದೆ. ಮುಂದಿನ ಬ್ರೇಕ್ ಮಾತ್ರ ಹಿಡಿದರೆ ಕಡಿದಾದ ಕಡೆ ಮುಂದಿನ ಚಕ್ರ ಹಾಗೇ ಹಿಂದಕ್ಕೆ ಜಾರಬಹುದು. ಆದ್ದರಿಂದ ಬಲಗಾಲು ಹಿಂದಿನ ಬ್ರೇಕ್ ಬಿಡಲೇಬಾರದು. ಎಡಗಾಲು ನೆಲಕ್ಕೆ, ಮೊದಲ ಗೇರ್, ಕ್ಲಚ್ ಕೈಯಲ್ಲಿ. ಹೊರಡುವಾಗ ಕ್ಲಚ್ಚನ್ನು ನಿಧಾನ ಬಿಡುತ್ತಾ, ಗಾಡಿ ಮುಂದಕ್ಕೆ ಜಗ್ಗುವುದು ಅನುಭವಕ್ಕೆ ಬಂದ ಮೇಲೆ ಬ್ರೇಕ್ ಬಿಡಿ. ಇಳಿಜಾರಿನಲ್ಲಿ ಕೆಳಮುಖವಾಗಿ ನಿಂತಾಗ ಇದು ಉಲ್ಟಾ. ಭಾರ ಮುಂದಕ್ಕೆ ಬರುವುದರಿಂದ ಮುಂದಿನ ಬ್ರೇಕ್ ಗಟ್ಟಿ ಹಿಡಿಯುತ್ತದೆ, ಎರಡನ್ನೂ ಬಳಸಿ. ನಿಲ್ಲಿಸಿ ಹೋಗುವಾಗ ಗೇರಿನಲ್ಲೇ ಬಿಡಿ.

ಪಾರ್ಕಿಂಗಿನಿಂದ ಹಿಂದಕ್ಕೆ ತೆಗೆಯುವಾಗ ಜಲ್ಲಿಯೋ ಇಳಿಜಾರೋ ಇದ್ದರೆ ಕೂತುಕೊಂಡು ಕಾಲಲ್ಲಿ ದೂಡಬೇಡಿ. ಇಳಿದು, ಎಡಗಡೆ ನಿಂತು, ಸೀಟಿಗೆ ಸೊಂಟ ಕೊಟ್ಟು, ಬೆರಳು ಮುಂದಿನ ಬ್ರೇಕ್ ಮೇಲಿಟ್ಟು ದೂಡಿ.

ಅಭ್ಯಾಸಕ್ಕೆ ಒಂದು ಭಾನುವಾರದ ಬೆಳಗ್ಗೆ, ಒಂದು ಖಾಲಿ ಮೈದಾನ ಸಾಕು. ಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಮುಂದಿನ ಚಕ್ರ ಗೆರೆಯ ಮೇಲೆ ನಿಲ್ಲಬೇಕು, ಆಮೇಲೆಯೇ ಎಡಗಾಲು ಇಳಿಯಬೇಕು. ಇಪ್ಪತ್ತು ಸಲ ಮಾಡಿ. ಮೊದಲ ಐದಾರು ಸಲ ಕಾಲು ಮುಂಚೆಯೇ ಹೋಗುತ್ತದೆ. ಹತ್ತು ದಾಟಿದ ಮೇಲೆ ಕಾಯುವುದನ್ನು ಕಲಿಯುತ್ತದೆ. ಇನ್ನೊಮ್ಮೆ ಹಿಂದೆ ಯಾರನ್ನಾದರೂ ಕೂರಿಸಿಕೊಂಡು ಮಾಡಿ. ಭಾರ ಬಂದಾಗ ಬ್ರೇಕ್ ಎಷ್ಟು ಮೊದಲು ಹಿಡಿಯಬೇಕು ಎಂಬುದು ಆಗ ತಿಳಿಯುತ್ತದೆ.

ಆದರೂ ವಾಲಿತು ಅಂದರೆ

ಸ್ವಲ್ಪ ವಾಲಿದಾಗ ಹಿಡಿಯಬಹುದು. ತೋಳು, ತೊಡೆ ಎಲ್ಲ ನಡುಗುವಷ್ಟಾದರೆ ಬಿಟ್ಟುಬಿಡಿ. ಹ್ಯಾಂಡಲ್ ಬಿಟ್ಟು ದೂರ ಸರಿಯಿರಿ, ಕಾಲನ್ನು ಮಾತ್ರ ಗಾಡಿಯ ಕೆಳಗೆ ಬಿಡಬೇಡಿ. ಲಿವರ್ ಮುರಿದರೆ ಅಂಗಡಿಯಲ್ಲಿ ಸಿಗುತ್ತದೆ, ಕಣಕಾಲು ಸಿಗುವುದಿಲ್ಲ. ಹಿಂದೆ ಕೂತವರಿಗೆ ಪೆಟ್ಟಾಗಿದೆಯೇ ಎಂದು ಮೊದಲು ನೋಡಿ.

ಎತ್ತುವ ಮೊದಲು ಎಂಜಿನ್ ಆಫ್ ಮಾಡಿ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಇಳಿಸಿಡಿ. ಇಲ್ಲದಿದ್ದರೆ ಎತ್ತಿದ ರಭಸಕ್ಕೆ ಆ ಕಡೆ ಬೀಳುತ್ತದೆ. ಸಾಧ್ಯವಾದರೆ ಗೇರಿಗೆ ಹಾಕಿ, ಆಗ ಉರುಳುವುದಿಲ್ಲ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಿಸಿ, ಒಂದು ಕೈ ಹ್ಯಾಂಡಲ್‌ಗೆ, ಒಂದು ಕೈ ಹಿಂದಿನ ಕಂಬಿಗೆ ಹಾಕಿ, ಚಿಕ್ಕ ಹೆಜ್ಜೆಯಲ್ಲಿ ಹಿಂದಕ್ಕೆ ನಡೆಯುತ್ತಾ ಕಾಲಿನ ಬಲದಿಂದ ಎಬ್ಬಿಸಿ. ಬಗ್ಗಿ ಎಳೆದರೆ ಸೊಂಟ ಹಿಡಿಯುತ್ತದೆ. ನಿಲ್ಲಿಸಿದ ಮೇಲೆ ಕ್ಲಚ್ ಲಿವರ್, ಬ್ರೇಕ್ ಪೆಡಲ್, ಗೇರ್ ಲಿವರ್ ಬಾಗಿವೆಯೇ ನೋಡಿ, ಪೆಟ್ರೋಲ್ ಸೋರುತ್ತಿದೆಯೇ ನೋಡಿ. ಬ್ರೇಕ್ ಪೆಡಲ್ ಒಳಕ್ಕೆ ಬಾಗಿದ್ದರೆ ಬಲಗಾಲಿಗೆ ಅದು ಸಿಗುವುದೇ ಇಲ್ಲ. ಮೆಕ್ಯಾನಿಕ್ ಹತ್ತಿರದಲ್ಲಿದ್ದರೆ ತಳ್ಳಿಕೊಂಡು ಹೋಗಿ, ದೂರವಿದ್ದರೆ ಅವರನ್ನೇ ಕರೆಸಿ.